ಟ ಠ ಡ ಢ ಣ, ಮತ್ತು ನಾನು ಸೇರಿಸಿದ ಮಿದುಳು

"ಅಲ್ರೀ ಮೇಡಂ, ಟ ಅಕ್ಷರ ಮಿದುಳಿನಾಗ ಹುಟ್ಟತದೇನ್ರಿ?"

ಫೋನಿನ ಆ ಕಡೆ ಸರ್ ನಗುತ್ತಿದ್ದರು. ಈ ಕಡೆ ನಾನು ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಎಷ್ಟಾಯಿತು ಅನ್ನುವುದೇ ಮರೆತುಹೋಯಿತು. ಅವತ್ತು ಬೇಳೆ ಕರಗಿ ಗಂಜಿಯಾಯಿತು.

"41ನೇ ಪುಟ ತೆಗೀರಿ. 'ಮಿದುಳಿನ ವ್ಯಂಜನಗಳು' ಅಂತ ಬರದೀರಿ. ನಾನು 30 ವರ್ಷ ವ್ಯಾಕರಣ ಕಲಿಸೀನಿ, ಇಂಥಾ ವ್ಯಂಜನ ಕೇಳಿಲ್ಲ ಬಿಡ್ರಿ."

ಸರ್ ಧಾರವಾಡ ಕಡೆಯವರು, ನಿವೃತ್ತ ಕನ್ನಡ ಮೇಷ್ಟ್ರು. ಮಗನ ಮನೆ ಪುಣೆಯಲ್ಲಿದೆ ಅಂತ ಇಲ್ಲಿಗೆ ಬಂದು ನೆಲೆಸಿದ್ದಾರೆ. ಕಷ್ಟದ ಕೆಲಸ ಬಂದಾಗ ಕಂಪನಿಗೆ ಕಳಿಸುವ ಮುಂಚೆ ಅವರ ಕಣ್ಣಿಗೊಮ್ಮೆ ಬೀಳಿಸುತ್ತೇನೆ. ನಾನು ಅನುವಾದದ ಕೆಲಸ ಮಾಡುವವಳು. ಕೋಥ್ರುಡ್‌ನಲ್ಲಿ ಮನೆ, ಊಟದ ಮೇಜೇ ಆಫೀಸು. ಔಷಧದ ಡಬ್ಬಿಯೊಳಗಿನ ಚೀಟಿ, ಆಸ್ಪತ್ರೆಯ ಒಪ್ಪಿಗೆ ಪತ್ರ, ಮಿಕ್ಸರಿನ ಕೈಪಿಡಿ, ಹೀಗೆ ಯಾರೂ ಪೂರ್ತಿ ಓದದ ಕಾಗದಗಳನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇನೆ. ಈ ಸಲ ಬಂದಿದ್ದು ಮಾತಿನ ತೊಂದರೆಯಿರುವ ಮಕ್ಕಳಿಗೆ ತರಬೇತಿ ಕೊಡುವವರ ಕೈಪಿಡಿ. ಅದರಲ್ಲಿ ಒಂದು ಅಧ್ಯಾಯ ಭಾರತದ ಭಾಷೆಗಳ ಧ್ವನಿಗಳ ಬಗ್ಗೆ. ಯಾವುದೋ ಹಳೆಯ ಇಂಗ್ಲಿಷ್ ವ್ಯಾಕರಣದಿಂದ ಎತ್ತಿಕೊಂಡ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಟ ಠ ಡ ಢ ಣ ಮುಂದೆ 'ಸೆರೆಬ್ರಲ್' ಅಂತ ಇತ್ತು.

ತಪ್ಪು ಹೇಗಾಯಿತು ಅಂತ ಹೇಳಿಬಿಡುತ್ತೇನೆ. ನಾವು ಅನುವಾದಕರು ಬಳಸುವ ಸಾಫ್ಟ್‌ವೇರಿಗೆ ಒಂದು ನೆನಪಿನ ಗಂಟು ಇರುತ್ತದೆ. ಟ್ರಾನ್ಸ್‌ಲೇಷನ್ ಮೆಮೊರಿ. ನಾವು ಟಿಎಂ ಅಂತೀವಿ. ಹಿಂದೆ ಯಾವ ಮಾತಿಗೆ ಏನು ಬರೆದಿದ್ದೆವೋ ಅದನ್ನು ಇಟ್ಟುಕೊಂಡು ಮುಂದಿನ ಸಲ ತಾನೇ ಎದುರಿಗೆ ತಂದಿಡುತ್ತದೆ. ಆಸ್ಪತ್ರೆಯ ಕಾಗದಗಳಲ್ಲಿ ನಾನು 'ಸೆರೆಬ್ರಲ್' ಅಂತ ಬಂದಾಗಲೆಲ್ಲ 'ಮಿದುಳಿನ' ಅಂತ ಬರೆದಿದ್ದೆ. ಈ ಕೈಪಿಡಿಯಲ್ಲೂ ಸೆರೆಬ್ರಲ್ ಪಾಲ್ಸಿಯ ಮಾತು ಹತ್ತು ಕಡೆ ಇತ್ತು. ಹನ್ನೊಂದನೆಯ ಕಡೆ ವ್ಯಂಜನ ಬಂತು. ಟಿಎಂ 'ಮಿದುಳಿನ' ಅಂತ ಚಾಚಿತು, ನಾನು ಎಂಟರ್ ಒತ್ತಿದೆ. ರಾತ್ರಿ ಹನ್ನೊಂದೂವರೆ ಆಗಿತ್ತು ಅನ್ನುವುದು ನೆಪ. ಸುಮ್ನೆ ಒತ್ತಿದ್ದು ಅನ್ನುವುದು ನಿಜ.

ತಿದ್ದುವುದೇನೂ ದೊಡ್ಡದಲ್ಲ. ನಮ್ಮ ಶಾಲೆಯ ಪಾಠದಲ್ಲೇ ಇದಕ್ಕೆ ಹೆಸರಿದೆ, ಮೂರ್ಧನ್ಯ. ಅಳಿಸಿ ಬರೆದರೆ ಮುಗಿಯಿತು. ಬರೆದೂಬಿಟ್ಟೆ. ಆದರೆ ತಲೆಯೊಳಗೆ ಹುಳ ಬಿಟ್ಟಹಾಗಾಯಿತು. ನನ್ನ ತಪ್ಪು ಸರಿ, ಆ ಇಂಗ್ಲಿಷ್ ವ್ಯಾಕರಣ ಬರೆದವರು ಟಿಎಂ ಇಟ್ಟುಕೊಂಡಿರಲಿಲ್ಲವಲ್ಲ? ಅವರಿಗೆ ಟ ಅಂದಾಗ ಮಿದುಳು ಯಾಕೆ ನೆನಪಾಯಿತು?

ಮೊದಲು ಆ ಪಟ್ಟಿಯನ್ನೇ ಮತ್ತೊಮ್ಮೆ ನೋಡಿದೆ. ಕ ವರ್ಗ ಗಂಟಲಿನದು, ಚ ವರ್ಗ ಅಂಗುಳಿನದು, ಟ ವರ್ಗ ಮಿದುಳಿನದು, ತ ವರ್ಗ ಹಲ್ಲಿನದು, ಪ ವರ್ಗ ತುಟಿಯದು. ಗಂಟಲಿನಿಂದ ಹೊರಟು ತುಟಿಗೆ ಬರುವ ದಾರಿ ಇದು. ಪುಣೆಯೊಳಗೇ ಸ್ವಾರಗೇಟಿನಿಂದ ಶಿವಾಜಿನಗರಕ್ಕೆ ಹೋಗುವ ಬಸ್ಸು ನಡುವೆ ಊರಾಚೆ ದೂರದ ಲೋಣಾವಳಕ್ಕೆ ಹೋಗಿ ಬಂದಹಾಗಿದೆ. ಇಂಗ್ಲಿಷಿನ ಬೇರೆ ಹೆಸರುಗಳಿಗೆ ಲ್ಯಾಟಿನ್ ಮೂಲ ಹುಡುಕಿದರೆ ಎಲ್ಲವೂ ಬಾಯಿಯೊಳಗೇ ಸಿಗುತ್ತವೆ. ಡೆಂಟಲ್ ಅಂದರೆ ಹಲ್ಲು, ಲೇಬಿಯಲ್ ಅಂದರೆ ತುಟಿ, ಗಟರಲ್ ಅಂದರೆ ಗಂಟಲು. ಸೆರೆಬ್ರಲ್ ಮಾತ್ರ ಬಾಯಿ ದಾಟಿ ತಲೆಬುರುಡೆಗೆ ಹಾರಿದೆ. ಹೀಗೆ ಒಂದೇ ಒಂದು ಪದ ಸಾಲು ತಪ್ಪಿ ನಿಂತಿದ್ದರೆ ಅಲ್ಲಿ ಅನುವಾದಕನ ಕೈ ಇರುತ್ತದೆ ಅಂತ ನನಗೆ ಅನುಮಾನ ಬರುತ್ತದೆ. ಕಳ್ಳನಿಗೆ ಕಳ್ಳನ ಹೆಜ್ಜೆ ಗೊತ್ತಿರುತ್ತದೆ, ಅಲ್ವಾ.

ಎರಡನೆಯ ಸುಳಿವು ಸಿಕ್ಕಿದ್ದು ಪಕ್ಕದ ಮನೆಯ ಕಾಕೂ ಹತ್ತಿರ. ಅವರ ಮನೆಗೆ ಬರುವ ಮರಾಠಿ ಪತ್ರಿಕೆಯಲ್ಲಿ ಯಾರೋ ತೀರಿಕೊಂಡ ಸುದ್ದಿ. ಕೆಳಗೆ 'ಮೂರ್ಧನ್ಯ ಸಾಹಿತ್ಯಿಕ' ಅಂತಿತ್ತು. ಕಾಕೂಗೆ ಕೇಳಿದೆ, ಮೂರ್ಧನ್ಯ ಅಂದರೇನು? "ಅಗದೀ ವರಚಾ" ಅಂದರು. ತೀರಾ ಮೇಲಿನವರು ಅಂತ. ಕನ್ನಡದಲ್ಲೂ ಮೂರ್ಧನ್ಯ ಲೇಖಕರು ಅಂತ ಬರೆಯುವವರಿದ್ದಾರೆ. ಹಾಗಂದಾಗ ಮಿದುಳು ಜಾಸ್ತಿ ಇರುವವರು ಅಂತ ಯಾರೂ ತಿಳಿಯುವುದಿಲ್ಲ. ಮೇಲಿನ ಸಾಲಿನವರು ಅಂತಲೇ ತಿಳಿಯುತ್ತಾರೆ. ಅಂದರೆ ಮೂರ್ಧ ಅನ್ನುವ ಮಾತಿಗೆ ತಲೆ ಅನ್ನುವುದರ ಜೊತೆಗೆ ಮೇಲ್ತುದಿ, ಶಿಖರ, ನೆತ್ತಿ ಅನ್ನುವ ಅರ್ಥವೂ ಇದೆ. ಇಷ್ಟು ಸಿಕ್ಕಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಕಂಡಿತು.

ನಾನು ಈ ಹುಡುಕಾಟವನ್ನು ಚೀಟಿಗಳಲ್ಲಿ ಮಾಡಿದೆ. ಅದಕ್ಕೆ ಕಾರಣ ಡೆಕ್ಕನ್ ಕಾಲೇಜು. ಯೆರವಡಾ ಕಡೆ ಇರುವ ಆ ಹಳೆಯ ಕಲ್ಲಿನ ಕಟ್ಟಡಕ್ಕೆ ಕೆಲವು ವರ್ಷದ ಹಿಂದೆ ಒಮ್ಮೆ ಹೋಗಿದ್ದೆ. 1948ರಲ್ಲಿ ಎಸ್. ಎಂ. ಕತ್ರೆ ಅವರು ಅಲ್ಲಿ ಒಂದು ಸಂಸ್ಕೃತ ನಿಘಂಟಿನ ಕೆಲಸ ಶುರುಮಾಡಿದರು. ಒಂದು ಪದ ಯಾವ ಪುಸ್ತಕದಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಅಂತ ಒಂದೊಂದು ಚೀಟಿಗೆ ಒಂದೊಂದು ಬಳಕೆ. ಸುಮಾರು 1,500 ಗ್ರಂಥಗಳಿಂದ ಒಂದು ಕೋಟಿಯಷ್ಟು ಚೀಟಿ. ಕಪಾಟಿನ ಉದ್ದಕ್ಕೂ ಕಿರಿದಾದ ಡ್ರಾಯರುಗಳು. ದಶಕಗಳ ಕೆಲಸದ ಮೇಲೂ ಅಚ್ಚಾದ ಸಂಪುಟಗಳು 'ಅ' ಅಕ್ಷರದಲ್ಲೇ ಇವೆ. 'ಮೂ' ಬರುವ ಹೊತ್ತಿಗೆ ನನ್ನ ಮೊಮ್ಮಕ್ಕಳು ಪಿಂಚಣಿ ತೆಗೆದುಕೊಳ್ಳುತ್ತಿರುತ್ತಾರೆ. ಹಾಗಾಗಿ ಆ ನಿಘಂಟು ನನ್ನ ಮೂರ್ಧನ್ಯಕ್ಕೆ ನೆರವಾಗಲಿಲ್ಲ. ಅದರ ಚೀಟಿ ಮಾತ್ರ ನೆರವಾಯಿತು. ಪದದ ಅರ್ಥವನ್ನು ಒಂದೇ ಏಟಿಗೆ ಹೇಳಿಬಿಡಬೇಡ, ಮೊದಲು ಬಳಕೆಗಳನ್ನು ಹರವಿ ಇಡು ಅನ್ನುವ ತಾಳ್ಮೆ ಅದು.

ಮನೆಯಲ್ಲಿದ್ದ ಮದುವೆ ಕರೆಯೋಲೆಗಳನ್ನು ಕತ್ತರಿಸಿದೆ. ಹಿಂಬದಿ ಖಾಲಿ, ಕಾಗದವೂ ದಪ್ಪ. ಟ ವರ್ಗಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರಿವೆಯೋ ಅಷ್ಟನ್ನೂ ಒಂದೊಂದು ಚೀಟಿಗೆ ಬರೆಯುತ್ತ ಹೋದೆ. ಹಳೇ ಪುಸ್ತಕಗಳ ಸ್ಕ್ಯಾನ್ ಈಗ ಪುಕ್ಕಟೆ ಸಿಗುತ್ತವೆ. ಎರಡು ವಾರದಲ್ಲಿ ಐದು ಹೆಸರು ಸಿಕ್ಕವು.

ಮೊದಲನೆಯದು ಸೆರೆಬ್ರಲ್. 19ನೇ ಶತಮಾನದ ವ್ಯಾಕರಣ, ನಿಘಂಟುಗಳಲ್ಲಿ ಇದೇ ಜಾಸ್ತಿ. 1856ರಲ್ಲಿ ಬಂದ ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲೂ ಇದೆ.

ಎರಡನೆಯದು ಲಿಂಗ್ವಲ್. ಅಮೆರಿಕದ ವಿಟ್ನಿ 1879ರ ತಮ್ಮ ಸಂಸ್ಕೃತ ವ್ಯಾಕರಣದಲ್ಲಿ ಇದನ್ನು ಹಿಡಿದರು. ಯುರೋಪಿನ ಅನೇಕ ವ್ಯಾಕರಣಗಳು ಮೂರ್ಧನ್ಯವನ್ನು ಸೆರೆಬ್ರಲ್ ಅಂತ ಮಾಡಿವೆ ಅಂತಲೂ ಅವರು ಅಲ್ಲೇ ಹೇಳುತ್ತಾರೆ. ನನ್ನ ಅನುಮಾನಕ್ಕೆ ಸಹಿ ಬಿದ್ದಿದ್ದು ಅಲ್ಲಿ. ಸೆರೆಬ್ರಲ್ ಅನ್ನುವುದು ಇಂಗ್ಲಿಷಿನವರ ಕಿವಿ, ನಾಲಿಗೆಯಿಂದ ಹುಟ್ಟಿದ ಪದವಲ್ಲ. ನಮ್ಮ ಪದದ ಅನುವಾದ. ಆದರೆ ವಿಟ್ನಿಯವರ ಲಿಂಗ್ವಲ್ ನನಗೆ ಹಿಡಿಸಲಿಲ್ಲ. ಲ್ಯಾಟಿನ್ನಿನ ಲಿಂಗ್ವಾ ಅಂದರೆ ನಾಲಿಗೆ. ನಾಲಿಗೆ ಆಡುವುದು ತ ಅಂದಾಗಲೂ, ಚ ಅಂದಾಗಲೂ. ಟ ಒಂದಕ್ಕೇ ನಾಲಿಗೆಯ ಹೆಸರಿಟ್ಟರೆ ಉಳಿದವು ಮುನಿಸಿಕೊಳ್ಳುವುದಿಲ್ಲವೇ?

ಮೂರನೆಯದು ಕಕ್ಯುಮಿನಲ್. ಲ್ಯಾಟಿನ್ನಿನ ಕಕುಮೆನ್ ಅಂದರೆ ಮರದ ತುದಿ, ಬೆಟ್ಟದ ನೆತ್ತಿ. ಮೂರ್ಧಕ್ಕೆ ಇಷ್ಟು ಹತ್ತಿರದ ಪದ ಇನ್ನೊಂದಿಲ್ಲ. ಅನುವಾದಕಳಾಗಿ ಇದಕ್ಕೇ ನನ್ನ ಓಟು. ಆದರೆ ಸರ್ ಫೋನಿನಲ್ಲಿ ಎರಡು ಸಲ ಕೇಳಿ, "ಕ್ರಿಮಿನಲ್ ಅಂದ್ರೇನ್ರಿ?" ಅಂದರು. ಇಂಗ್ಲಿಷಿನಲ್ಲೂ ಅದು ಜಾಸ್ತಿ ನಡೆಯಲಿಲ್ಲ.

ನಾಲ್ಕನೆಯದು ಡೋಮಲ್. ಗುಮ್ಮಟದ ಡೋಮ್. ಬಾಯಿಯ ಚಾವಣಿ ಗುಮ್ಮಟದ ಹಾಗಿದೆಯಲ್ಲ, ಅದಕ್ಕೆ. ನಾನು ವಿಜಯಪುರ ನೋಡಿದವಳು, ಈ ಹೆಸರು ಇಷ್ಟವಾಯಿತು.

ಐದನೆಯದು ಈಗ ಎಲ್ಲ ಪುಸ್ತಕಗಳಲ್ಲೂ ಗೆದ್ದು ಕೂತಿರುವ ರೆಟ್ರೋಫ್ಲೆಕ್ಸ್. ಲ್ಯಾಟಿನ್ನಿನಲ್ಲಿ ರೆಟ್ರೋ ಅಂದರೆ ಹಿಂದಕ್ಕೆ, ಫ್ಲೆಕ್ಟೆರೆ ಅಂದರೆ ಬಾಗಿಸು. ಪುಣೆಯ ಚೌಕಚೌಕದಲ್ಲಿ ಅಣ್ಣ, ದಾದಾ, ಭಾವುಗಳ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸ್ ಇದೆಯಲ್ಲ, ಅದೂ ಬಾಗುವ, ಸುತ್ತಿಡಬಹುದಾದ ಹಾಳೆ ಅಂತಲೇ ಫ್ಲೆಕ್ಸ್. ಹಿಂದಕ್ಕೆ ಬಾಗಿದ ನಾಲಿಗೆ ರೆಟ್ರೋಫ್ಲೆಕ್ಸ್. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಈ ಧ್ವನಿಗಳ ಅಕ್ಷರಕ್ಕೆ ಬಲಕ್ಕೆ ತಿರುಗಿದ ಒಂದು ಬಾಲವನ್ನೂ ಇಟ್ಟಿದ್ದಾರೆ.

ಐದು ಚೀಟಿ ಮೇಜಿನ ಮೇಲೆ ಹರವಿದಾಗ ಒಂದು ವಿಷಯ ಕಂಡಿತು. ಕಕ್ಯುಮಿನಲ್, ಡೋಮಲ್ ಎರಡೂ ಜಾಗದ ಹೆಸರು. ನಾಲಿಗೆ ಎಲ್ಲಿ ಮುಟ್ಟುತ್ತದೆ ಅಂತ ಹೇಳುತ್ತವೆ. ರೆಟ್ರೋಫ್ಲೆಕ್ಸ್ ಭಂಗಿಯ ಹೆಸರು. ನಾಲಿಗೆ ಹೇಗೆ ನಿಲ್ಲುತ್ತದೆ ಅಂತ ಹೇಳುತ್ತದೆ. ಲಿಂಗ್ವಲ್ ಬರೀ ಅಂಗದ ಹೆಸರು. ಸೆರೆಬ್ರಲ್ ಏನನ್ನೂ ಹೇಳುವುದಿಲ್ಲ.

ಇಲ್ಲಿ ಒಂದು ಕವಲುದಾರಿ ಹಿಡಿದು ಮೂರು ದಿನ ಕಳೆದೆ. ಸೆರೆಬ್ರಲ್‌ಗೆ ಮೂಲ ಲ್ಯಾಟಿನ್ನಿನ ಸೆರೆಬ್ರಮ್, ಮಿದುಳು. ಇನ್ನೂ ಹಿಂದೆ ಹೋದರೆ ಆ ಪದ ನಮ್ಮ ಶಿರಸ್ಸಿನ ನೆಂಟ. ಸಂಸ್ಕೃತದ ಶ ಇರುವ ಕಡೆ ಲ್ಯಾಟಿನ್ನಿನಲ್ಲಿ ಎಷ್ಟೋ ಸಲ ಕ ಇರುತ್ತದೆ. ನಮ್ಮ ಶತ ಅವರ ಕೆಂಟುಮ್, ನಮ್ಮ ಶೃಂಗ ಅವರ ಕೊರ್ನು. ಲ್ಯಾಟಿನ್ನಿನವರು ಸೆರೆಬ್ರಮ್ ಅನ್ನುವುದನ್ನೂ ಕ ಹಚ್ಚಿಯೇ ಹೇಳುತ್ತಿದ್ದರು, ಕೆರೆಬ್ರುಮ್ ಅಂತ. ಹಾಗಾಗಿ ಶಿರಸ್ಸೂ ಸೆರೆಬ್ರಮ್ಮೂ ಒಂದೇ ಬೇರಿನ ಎರಡು ಟಿಸಿಲು. ಮೂರ್ಧನ್ ಅನ್ನುವುದಕ್ಕೂ ಇಂಗ್ಲಿಷಿನ ಕಡೆ ಒಬ್ಬ ಹಳೆಯ ನೆಂಟನಿದ್ದ. ಹಳೇ ಇಂಗ್ಲಿಷಿನ ಮೋಲ್ಡಾ, ಅಂದರೆ ನೆತ್ತಿ. ಓದಿ ಕುಣಿದಾಡಿದೆ. ಸರ್‌ಗೆ ಫೋನು ಮಾಡಿ, "ನನ್ನದೇನೂ ಪೂರ್ತಿ ತಪ್ಪಲ್ಲ ಸರ್, ಶಿರಸ್ಸಿನ ಸಂಬಂಧ ಇದೆ" ಅಂದೆ.

"ನೆಂಟಸ್ತಿಕಿ ಬ್ಯಾರೆ, ಅರ್ಥ ಬ್ಯಾರೆ ರೀ. ನಿಮ್ಮ ಕಾಕಾನ ಮಗಾ ಪೊಲೀಸ್ ಇದ್ರ ನಿಮಗ ಲಾಠಿ ಕೊಡ್ತಾರೇನು?"

ಸರಿಯಾಗೇ ಇತ್ತು ಪೆಟ್ಟು. ಬೇರಿನಲ್ಲಿ ನೆಂಟರಾದ ಪದಗಳು ಸಾವಿರಾರು ವರ್ಷ ಬೇರೆ ಬೇರೆ ಮನೆಯಲ್ಲಿ ಬೆಳೆದಿರುತ್ತವೆ. ಲ್ಯಾಟಿನ್ನಿನಲ್ಲಿ ಅದು ತಲೆಯೊಳಗಿನ ಮಿದುಳಾಗಿ ನಿಂತಿತು. ಸಂಸ್ಕೃತದಲ್ಲಿ ತಲೆಯಾಗಿಯೇ ಉಳಿಯಿತು. ಸೆರೆಬ್ರಲ್ 19ನೇ ಶತಮಾನದ ಆರಂಭದ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ಮಿದುಳಿಗೆ ಸಂಬಂಧಿಸಿದ್ದು ಅನ್ನುವ ಅರ್ಥವನ್ನೇ ಹೊತ್ತು ಬಂತು. ವ್ಯುತ್ಪತ್ತಿ ಹುಡುಕುವವರಿಗೆ ಇದೊಂದು ಸಿಹಿ ಗುಂಡಿ. ಬೇರು ಸಿಕ್ಕಿದ ಕೂಡಲೇ ಕೆಲಸ ಆಯಿತು ಅನ್ನಿಸುತ್ತದೆ. ನನಗೆ ಬೇಕಾಗಿದ್ದು ಸೆರೆಬ್ರಲ್‌ನ ಬೇರಲ್ಲ. ಅದು ಯಾವ ಪದದ ಬದಲಿಗೆ ಬಂದು ಕೂತಿತೋ ಆ ಪದಕ್ಕೆ, ಅದನ್ನು ಮೊದಲು ಬಳಸಿದವರ ಬಾಯಲ್ಲಿ, ಏನರ್ಥ ಇತ್ತು ಅನ್ನುವುದು.

ಅದಕ್ಕೆ ಪ್ರಾತಿಶಾಖ್ಯಗಳಿಗೇ ಹೋಗಬೇಕು. ವೇದ ಓದುವವರು ಉಚ್ಚಾರ ಕೆಡಬಾರದು ಅಂತ ಮಾಡಿಟ್ಟುಕೊಂಡ ಪುಸ್ತಕಗಳು ಇವು. ನನ್ನ ಸಂಸ್ಕೃತ ಹೈಸ್ಕೂಲಿನ ಮಟ್ಟದ್ದು. ಸರ್ ಜೊತೆ ಕೂತು ಓದಿದೆ. ತೈತ್ತಿರೀಯ ಪ್ರಾತಿಶಾಖ್ಯದ ಎರಡನೆಯ ಅಧ್ಯಾಯದಲ್ಲಿ ಬಾಯಿಯ ಪ್ರವಾಸವೇ ಇದೆ. ಕ ವರ್ಗಕ್ಕೆ ನಾಲಿಗೆಯ ಬುಡ ದವಡೆಯ ಬುಡಕ್ಕೆ. ಚ ವರ್ಗಕ್ಕೆ ನಾಲಿಗೆಯ ನಡುಭಾಗ ಅಂಗುಳಿಗೆ. ಆಮೇಲೆ ಬರುವ ಸೂತ್ರ ಇದು: "ಜಿಹ್ವಾಗ್ರೇಣ ಪ್ರತಿವೇಷ್ಟ್ಯ ಮೂರ್ಧನಿ ಟವರ್ಗೇ." ಟ ವರ್ಗಕ್ಕೆ ನಾಲಿಗೆಯ ತುದಿಯನ್ನು ಹಿಂದಕ್ಕೆ ಸುತ್ತಿ ಮೂರ್ಧಕ್ಕೆ ಮುಟ್ಟಿಸಬೇಕು. ಆಮೇಲೆ ಹಲ್ಲಿನ ಬುಡ, ಆಮೇಲೆ ತುಟಿ.

ನಾಲಿಗೆಯ ತುದಿ ಮುಟ್ಟಬೇಕಾದ ಜಾಗ ಮೂರ್ಧ. ನಾಲಿಗೆ ಎಷ್ಟೇ ಉದ್ದ ಇರಲಿ, ಮಿದುಳಿಗೆ ಮುಟ್ಟುತ್ತದೆಯೇ? ಈ ಸೂತ್ರದ ಮೇಲಿನ ತ್ರಿಭಾಷ್ಯರತ್ನ ಅನ್ನುವ ವ್ಯಾಖ್ಯಾನ ಇನ್ನೂ ಬಿಡಿಸಿ ಹೇಳುತ್ತದೆ. ಇಲ್ಲಿ ಮೂರ್ಧ ಅಂದರೆ ಬಾಯಿಯ ಪೊಳ್ಳಿನ ಮೇಲಿನ ಭಾಗ ಅಂತ. ಅಂದರೆ ಮುಂದೆ ಯಾರಾದರೂ ತಲೆ ಅಂತ ತಿಳಿದುಕೊಂಡಾರು ಅನ್ನುವ ಭಯ ಆ ವ್ಯಾಖ್ಯಾನಕಾರರಿಗೇ ಇತ್ತು. ಅದು ನಿಜವೂ ಆಯಿತು. ಮೋನಿಯರ್ ವಿಲಿಯಮ್ಸ್ ಅವರ 1899ರ ದೊಡ್ಡ ನಿಘಂಟಿನಲ್ಲಿ ಮೂರ್ಧನ್ಯ ತೆಗೆದು ನೋಡಿ. ಅಂಗುಳಿನ ಚಾವಣಿ ಅನ್ನುವ ಅರ್ಥ ಕೊಟ್ಟು, ಸೆರೆಬ್ರಲ್ ಅನ್ನುವುದನ್ನು 'ಹಾಗೆ ಕರೆಯಲ್ಪಡುವ' ಅನ್ನುವ ಧಾಟಿಯಲ್ಲಿ ದೂರ ಇಟ್ಟಿದ್ದಾರೆ.

ನನಗೆ ಖುಷಿ ಕೊಟ್ಟಿದ್ದು ಸೂತ್ರದ ಇನ್ನೊಂದು ಪದ, ಪ್ರತಿವೇಷ್ಟ್ಯ. ವೇಷ್ಟಿಸು ಅಂದರೆ ಸುತ್ತು. ಪ್ರತಿ ಅಂದರೆ ಇಲ್ಲಿ ಹಿಂದಕ್ಕೆ. ಒಂದೇ ಸಾಲಿನಲ್ಲಿ ಭಂಗಿಯೂ ಇದೆ, ಜಾಗವೂ ಇದೆ. ಇಂಗ್ಲಿಷಿನವರು ಐದು ಹೆಸರು ಹುಡುಕಿಕೊಂಡು ಹೋದದ್ದು ಈ ಒಂದು ಸಾಲಿನ ಎರಡು ತುಂಡುಗಳನ್ನು. ಸೆರೆಬ್ರಲ್, ಕಕ್ಯುಮಿನಲ್, ಡೋಮಲ್ ಮೂರೂ ಮೂರ್ಧಕ್ಕೆ ಜೋತುಬಿದ್ದವು. ರೆಟ್ರೋಫ್ಲೆಕ್ಸ್ ಹೇಳುವುದು ಪ್ರತಿವೇಷ್ಟ್ಯ ಹೇಳಿದ್ದನ್ನೇ.

ಇಷ್ಟೆಲ್ಲ ಕಾಗದದ ಮೇಲೆ ಆಯಿತು. ಬಾಯಿ ಏನನ್ನುತ್ತದೆ ನೋಡಬೇಕಲ್ಲ. ಧ್ವನಿ ಕಲಿಸುವವರು ಹಳೆಯ ಉಪಾಯವೊಂದನ್ನು ಬಳಸುತ್ತಾರೆ. ನಾಲಿಗೆಗೆ ಕಪ್ಪು ಹಚ್ಚಿ ಒಂದು ಧ್ವನಿ ನುಡಿದು, ಅಂಗುಳಿನಲ್ಲಿ ಎಲ್ಲಿ ಕಲೆ ಬಿತ್ತು ಅಂತ ಕನ್ನಡಿಯಲ್ಲಿ ನೋಡುವುದು. ಇದ್ದಿಲ ಪುಡಿ ಮತ್ತು ಎಣ್ಣೆ ಬಳಸುತ್ತಾರೆ. ನಾನು ಮಕ್ಕಳ ಕೇಕಿಗೆ ತಂದ ಕೋಕೋ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಮೊದಲು ನಾಲಿಗೆಯನ್ನು ಟಿಶ್ಯೂನಿಂದ ಒರೆಸಬೇಕು, ಇಲ್ಲದಿದ್ದರೆ ಜೊಲ್ಲಿನಲ್ಲಿ ಎಲ್ಲ ಹರಿದುಹೋಗುತ್ತದೆ. ಬ್ರಷ್‌ನಿಂದ ಹಚ್ಚಿ ಒಂದೇ ಒಂದು ಸಲ 'ಅತ' ಅನ್ನಬೇಕು. ನುಂಗಬಾರದು. ಬಾಯಿ ತೆರೆದೇ ಇರಬೇಕು. ಯಜಮಾನರು ಮೊಬೈಲ್ ಟಾರ್ಚ್ ಹಿಡಿದರು. ಕೈಗನ್ನಡಿ ನಾನು ಹಿಡಿದೆ. ನಗು ಬಂದರೆ ಮತ್ತೆ ಮೊದಲಿನಿಂದ. ನಾಲ್ಕು ಸಲ ಮೊದಲಿನಿಂದ ಆಯಿತು.

'ಅತ' ಅಂದಾಗ ಕಲೆ ಮೇಲಿನ ಹಲ್ಲಿನ ಹಿಂಬದಿಗೆ ಬಿತ್ತು. ದಂತ್ಯ, ಸರಿ. 'ಅಟ' ಅಂದಾಗ ಹಲ್ಲು ಬೆಳ್ಳಗೆ ಉಳಿಯಿತು. ಅದರ ಹಿಂದಿನ ಒಸಡಿನ ದಿಣ್ಣೆ ದಾಟಿ, ಅಂಗುಳು ಮೇಲಕ್ಕೆ ಏರಲು ಶುರುವಾಗುವ ಕಡೆ ಕಂದು ಕಲೆ. ಬಾಯಿಯ ಚಾವಣಿ. ಮೂರ್ಧ. ಳ ಕೂಡ ಮೂರ್ಧನ್ಯವೇ. ಆದರೆ 'ಅಳ' ಅಂದಾಗ ಕಲೆಯೇ ಸರಿಯಾಗಿ ಬೀಳಲಿಲ್ಲ. ಎರಡು ಸಲ ಮಾಡಿದೆ. ತೆಳ್ಳಗೆ ಏನೋ ಒಂದು ಗೆರೆ ಅಷ್ಟೆ. ಕೋಕೋ ಕಡಿಮೆಯಾಯಿತೇನೋ ಅಂತ ಇನ್ನಷ್ಟು ಬಳಿದೆ. ಊಹೂಂ.

ಉತ್ತರ ಹೊಳೆದದ್ದು ಮಾರನೆಯ ದಿನ ಪಾತ್ರೆ ತೊಳೆಯುವಾಗ. ನಾನು ಬಳಿದಿದ್ದು ನಾಲಿಗೆಯ ಮೇಲ್ಭಾಗಕ್ಕೆ. ಳ ಅನ್ನುವಾಗ ನನ್ನ ನಾಲಿಗೆ ಎಷ್ಟು ಮಡಚುತ್ತದೆ ಅಂದರೆ ಚಾವಣಿಗೆ ತಾಗುವುದು ಅದರ ಕೆಳಭಾಗ! ಅಲ್ಲಿ ಬಣ್ಣವೇ ಇರಲಿಲ್ಲ. ನಾಲಿಗೆ ಎತ್ತಿ ಅಡಿಗೆ ಬಳಿದೆ. ಅದು ಸ್ವಲ್ಪ ಕಷ್ಟದ ಕೆಲಸ, ಕಚಗುಳಿಯೂ ಆಗುತ್ತದೆ. 'ಅಳ' ಅಂದೆ. ಅಂಗುಳಿನ ಮೇಲೆ ಟ ಬಿದ್ದ ಕಡೆಗಿಂತ ಇನ್ನೂ ಹಿಂದೆ ದುಂಡನೆ ಕಲೆ. ಪ್ರತಿವೇಷ್ಟ್ಯ ಅಂದರೆ ಏನು ಅಂತ ಆಗ ಗೊತ್ತಾಯಿತು. ಸೂತ್ರ ಓದಿದಾಗ ಗೊತ್ತಾಗಿದೆ ಅಂದುಕೊಂಡಿದ್ದೆ, ಗೊತ್ತಾಗಿರಲಿಲ್ಲ.

ಮೇಲಿನ ಮಹಡಿಯಲ್ಲಿ ಲಖನೌ ಕಡೆಯವರೊಬ್ಬರಿದ್ದಾರೆ. ಅವರ ಹೆಂಡತಿ ಹುಬ್ಬಳ್ಳಿಯವರು, ನನ್ನ ಗೆಳತಿ. ಹೋಳಿಗೆಯ ಆಸೆ ತೋರಿಸಿ ಅವರ ನಾಲಿಗೆಗೂ ಕೋಕೋ ಹಚ್ಚಿದೆವು. ಅವರ ಹಿಂದಿ 'ಅಟಾ'ದಲ್ಲಿ ಕಲೆ ನನ್ನದಕ್ಕಿಂತ ಮುಂದೆ, ಒಸಡಿನ ದಿಣ್ಣೆಯ ಹತ್ತಿರವೇ ಬಿತ್ತು. ನಾಲಿಗೆಯ ಬರೀ ತುದಿ ತಾಗಿತ್ತು, ಅಡಿಭಾಗ ಅಲ್ಲ. ಒಬ್ಬರ ಬಾಯಿ ನೋಡಿ ಭಾಷೆಯ ಬಗ್ಗೆ ತೀರ್ಪು ಕೊಡಬಾರದು. ಆದರೆ 1983ರಲ್ಲಿ ಲ್ಯಾಡೆಫೋಗೆಡ್ ಮತ್ತು ಭಾಸ್ಕರರಾವ್ ಎಂಬಿಬ್ಬರು ಇದನ್ನೇ ಸರಿಯಾಗಿ ಅಳೆದು ನೋಡಿದ್ದಾರೆ. ತಮಿಳು, ತೆಲುಗಿನವರ ನಾಲಿಗೆ ಜಾಸ್ತಿ ಮಡಚುತ್ತದೆ, ಹಿಂದಿಯವರದು ಕಡಿಮೆ ಅಂತ. ಹಾಗಾದರೆ ರೆಟ್ರೋಫ್ಲೆಕ್ಸ್ ಅನ್ನುವ ಗೆದ್ದ ಪದವೂ ಎಲ್ಲರ ಬಾಯಿಗೂ ಅಳತೆಯ ಅಂಗಿಯಲ್ಲ. ಹಿಂದಿಯ ಟ ಅಷ್ಟೇನೂ ಹಿಂದಕ್ಕೆ ಬಾಗುವುದಿಲ್ಲ. ಆದರೂ ಹೆಸರು ಅದೇ.

ಅವರ ಮಗಳು ನನ್ನ ಭಾನುವಾರದ ಕನ್ನಡ ಪಾಠಕ್ಕೆ ಬರುತ್ತಾಳೆ. ಏಳು ವರ್ಷ. ಅಮ್ಮನ ಕನ್ನಡ, ಅಪ್ಪನ ಹಿಂದಿ, ಶಾಲೆಯ ಇಂಗ್ಲಿಷು. ಳ ಬರುವುದಿಲ್ಲ. "ಆಂಟಿ, ನಮ್ಮಜ್ಜಿ ಹಲ್ಲಿಯಲ್ಲಿ ಇರ್ತಾರೆ" ಅನ್ನುತ್ತಾಳೆ. ಮೊದಲೆಲ್ಲ ನಾನು "ಗಟ್ಟಿಯಾಗಿ ಹೇಳು" ಅನ್ನುತ್ತಿದ್ದೆ. ಅವಳು ಗಟ್ಟಿಯಾಗಿ "ಹಲ್ಲಿ" ಅನ್ನುತ್ತಿದ್ದಳು. ಈಗ ಸೂತ್ರದ ಪ್ರಕಾರ ಹೇಳಿದೆ. ನಾಲಿಗೆಯನ್ನು ಚಾಪೆ ಸುತ್ತಿದಹಾಗೆ ಹಿಂದಕ್ಕೆ ಸುತ್ತು, ಅಡಿಯಿಂದ ಚಾವಣಿ ಮುಟ್ಟು, ಆಮೇಲೆ ಬಿಡು. ಎರಡನೆಯ ಭಾನುವಾರ ಳ ಬಂತು. ಪುಣೆ ಇದಕ್ಕೆ ಒಳ್ಳೆಯ ಊರು. ಹೊರಗೆ ಹೋದರೆ ಎಲ್ಲೆಲ್ಲೂ ಳ ಇದೆ. ಮರಾಠಿಯವರಿಗೆ ಟಿಳಕ ರಸ್ತೆ, ಲೋಣಾವಳಾ, ಶಾಳಾ, ಪೋಳಿ. ಮಿಸಳ್ ಕೂಡ ಳ ದಲ್ಲೇ ಮುಗಿಯುತ್ತದೆ. ಇಂಗ್ಲಿಷ್ ಅಕ್ಷರದ ಬೋರ್ಡು ಓದುವವರು ಮಾತ್ರ ಅದನ್ನು ಮಿಸಲ್ ಮಾಡುತ್ತಾರೆ. ಅವಳಿಗೆ ಮನೆಗೆಲಸ ಕೊಟ್ಟೆ, ಬೀದಿಯಲ್ಲಿ ಎಷ್ಟು ಳ ಕೇಳಿಸಿತು ಎಣಿಸಿಕೊಂಡು ಬಾ ಅಂತ.

ಸಂಸ್ಕೃತದಲ್ಲಿ ಳ ಎಲ್ಲಿದೆ ಅಂತ ಸರ್‌ನ ಕೆಣಕಿದೆ ಒಮ್ಮೆ. "ಋಗ್ವೇದದ ಮೊದಲನೇ ಸಾಲಿನಾಗೇ ಐತಿ. ಅಗ್ನಿಮೀಳೇ ಪುರೋಹಿತಂ" ಅಂದರು. ಹೌದು, ಆಮೇಲಿನ ಸಂಸ್ಕೃತದಲ್ಲಿ ಅದು ಡ ಆಯಿತು. ಈ ನಾಲಿಗೆ ಮಡಚುವ ಧ್ವನಿಗಳು ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋದವು ಅಂತ ಕಾಲ್ಡ್‌ವೆಲ್ ವಾದಿಸಿದ್ದರು. 1956ರಲ್ಲಿ ಭಾಷಾವಿಜ್ಞಾನಿ ಎಮಿನೋ ಅವರು ಭಾರತವನ್ನೇ ಒಂದು ಭಾಷಾ ಪ್ರದೇಶ ಅಂತ ಕರೆದಾಗ, ಬೇರೆ ಬೇರೆ ಮನೆತನದ ಭಾಷೆಗಳು ಹಂಚಿಕೊಂಡ ಗುರುತುಗಳಲ್ಲಿ ಇದನ್ನೂ ಎಣಿಸಿದರು. ಆ ಜಗಳ ದೊಡ್ಡದು, ನನ್ನ ಚೀಟಿಗಳಲ್ಲಿ ಹಿಡಿಸುವುದಿಲ್ಲ.

ಕೊನೆಗೆ ಕೈಪಿಡಿಗೆ ಯಾವ ಪದ ಹಾಕುವುದು ಅಂತ ಸರ್‌ಗೂ ನನಗೂ ಒಂದು ಗಂಟೆ ವಾದ ನಡೆಯಿತು. ಕನ್ನಡದ ಭಾಷಾವಿಜ್ಞಾನದ ಪುಸ್ತಕಗಳಲ್ಲಿ 'ಪ್ರತಿವೇಷ್ಟಿತ' ಇದೆ. ಸರಿಯಾದ ಪದ, ಸೂತ್ರದಿಂದಲೇ ಬಂದದ್ದು. ಆದರೆ ಮಕ್ಕಳಿಗೆ ಮಾತು ಕಲಿಸುವವರು ಅದನ್ನು ಓದುವಾಗಲೇ ಅವರ ನಾಲಿಗೆ ಸುತ್ತಿಕೊಳ್ಳುತ್ತದೆ. 'ಮೂರ್ಧನ್ಯ' ಶಾಲೆಯಲ್ಲಿ ಕೇಳಿದ ಪದ. ಆದರೆ ಎಲ್ಲಿ, ಹೇಗೆ ಅಂತ ಅದು ಈಗಿನವರಿಗೆ ತೋರಿಸುವುದಿಲ್ಲ. ನನಗೆ 'ನಾಲಿಗೆ ಮಡಚಿದ ವ್ಯಂಜನ' ಅಂತ ಹಾಕುವ ಆಸೆ. ಸರ್‌ಗೆ ಮೂರ್ಧನ್ಯ ಬಿಡಲು ಮನಸ್ಸಿಲ್ಲ. "ಮೂರ್ಧನ್ಯ ಇರ್ಲಿ. ಅದರ ಬಾಜೂಕ ನಿಮ್ಮ ಮಡಚೂದೂ ಇರ್ಲಿ" ಅಂದರು. ಹಾಗೇ ಹಾಕಿದೆವು. ಮೊದಲ ಸಲ ಬರುವ ಕಡೆ ಎರಡೂ, ಆಮೇಲೆ ಬರೀ ಮೂರ್ಧನ್ಯ. ಪಕ್ಕದಲ್ಲಿ ಬಾಯಿಯ ಒಂದು ಚಿತ್ರವನ್ನೂ ಕೇಳಿ ಹಾಕಿಸಿದೆ. ಮೂಲದಲ್ಲಿ ಸೆರೆಬ್ರಲ್ ಇದ್ದದ್ದನ್ನೂ ರೆಟ್ರೋಫ್ಲೆಕ್ಸ್ ಮಾಡಿ ಅಂತ ಒಂದು ಟಿಪ್ಪಣಿ ಬರೆದು ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಬಿಲ್ಲು ಮಾತ್ರ ಪಾಸಾಯಿತು.

ಟಿಎಂನಲ್ಲೂ ತಿದ್ದಿದೆ. ಸೆರೆಬ್ರಲ್ ಅಂದರೆ ಮೂರ್ಧನ್ಯ, ಅಂತ ಜಂಬದಿಂದ ಹೊಸದಾಗಿ ಸೇರಿಸಿದೆ.

ಮುಂದಿನ ತಿಂಗಳು ಮತ್ತೊಂದು ಆಸ್ಪತ್ರೆ ಕಾಗದ ಬಂತು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಂದೆತಾಯಿಗೆ ಕೊಡುವ ಮಾಹಿತಿ. ತಲೆಬರಹ ತೆರೆದ ಕೂಡಲೇ ಸಾಫ್ಟ್‌ವೇರ್ ಹಸಿರು ಬಣ್ಣದಲ್ಲಿ ಸಲಹೆ ಚಾಚಿತು: 'ಮೂರ್ಧನ್ಯ ಪಾರ್ಶ್ವವಾಯು'.

ಬೆರಳು ಎಂಟರ್ ಮೇಲೆಯೇ ಇತ್ತು. ತೆಗೆದೆ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದು, ಪದಪಟ್ಟಿ ತೆರೆದು, ಸೆರೆಬ್ರಲ್ ಮುಂದೆ ಎರಡು ಸಾಲು ಮಾಡಿದೆ. ಒಂದಕ್ಕೆ 'ಆಸ್ಪತ್ರೆ' ಅಂತ ಗುರುತು ಹಾಕಿದೆ, ಇನ್ನೊಂದಕ್ಕೆ 'ಬಾಯಿ' ಅಂತ.